ಹಳೇ ಹೊಲಿಗೆಗೆ ತಂದುಕೊಡು

ಪ್ರೀತಿಯ ಅಕ್ಕನಿಗೆ,

ನಿನ್ನ ಗುಂಡ ಮಾಡುವ ನಮಸ್ಕಾರ. ಇದಾದ ಮೇಲೆ 'ಇಲ್ಲಿ ನಾನು ಕ್ಷೇಮ' ಎಂದು ಬರೆಯುವುದು ವಾಡಿಕೆ. ಈ ಸಲ ಆ ವಾಕ್ಯದ ಜಾಗ ಖಾಲಿ ಬಿಟ್ಟಿದ್ದೇನೆ. ಓದಿ ಮುಗಿಸಿದ ಮೇಲೆ ಏನು ತುಂಬಬೇಕೋ ನೀನೇ ತುಂಬಿಕೋ.

ಎರಡು ಬೀದಿ ಆಚೆ ಇರುವ ಅಕ್ಕನಿಗೆ ಯಾವ ತಮ್ಮ ಕಾಗದ ಬರೆಯುತ್ತಾನೆ ಎಂದು ನಗಬೇಡ. ಶನಿವಾರ ಮಧ್ಯಾಹ್ನ ನಿನ್ನ ಹೊಲಿಗೆ ಅಂಗಡಿಯ ಬಾಗಿಲವರೆಗೂ ಬಂದಿದ್ದೆ, ಒಳಗೆ ಕಾಲಿಡದೆ ವಾಪಸಾದೆ. ಎದುರು ಕೂತರೆ ನಾವಿಬ್ಬರೂ ಏನು ಮಾಡುತ್ತೇವೆಂದು ಗೊತ್ತಲ್ಲ. ನೀನೊಂದು ಅನ್ನುತ್ತೀಯ, ನಾನೊಂದು ಅನ್ನುತ್ತೇನೆ, ಇಬ್ಬರೂ ನಗುತ್ತೇವೆ, ಹೇಳಬೇಕಾದ ಮಾತು ಆ ನಗುವಿನ ಅಡಿಗೆ ಸಿಕ್ಕಿ ಉಸಿರುಗಟ್ಟುತ್ತದೆ. ಅಪ್ಪ ಹೋದ ದಿನವೂ ಹಾಗೇ ಮಾಡಿದೆವು. ತರಕಾರಿ ಚೀಲ ಹಿಡಿದು ಮೆಟ್ಟಿಲ ಮಧ್ಯೆ ಕೂತ ಅಪ್ಪ, "ಸ್ವಲ್ಪ ತಡೀರೋ, ಉಸಿರು ಬರಲಿ" ಎಂದರು. ನಾವು ತಡೆದೆವು. ಉಸಿರು ಬರಲಿಲ್ಲ. ಕೆಳಗಿಳಿಸಲು ಬಂದ ಅಕ್ಕಪಕ್ಕದ ಗಂಡಸರೆಲ್ಲ ಬೆವೆತು ಏದುಸಿರು ಬಿಡುತ್ತಿದ್ದಾಗ ನೀನು ನನ್ನ ಕಿವಿಯಲ್ಲಿ, "ಅಪ್ಪ ಯಾವತ್ತೂ ಯಾರಿಗೂ ಹಗುರವಾಗಿ ಸಿಕ್ಕವರಲ್ಲ" ಎಂದೆ. ತಲೆ ತಗ್ಗಿಸಿಕೊಂಡು ಇಬ್ಬರೂ ನಕ್ಕೆವು. ನೋಡಿದವರು ಅಳುತ್ತಿದ್ದಾರೆ ಅಂದುಕೊಂಡರು. ಅವರು ಅಂದುಕೊಂಡದ್ದೇ ಸರಿಯಿತ್ತೇನೋ.

ನಾನು ತೂಕ ಇಳಿಸುವ ಆಪರೇಷನ್‌ಗೆ ಯಾಕೆ ಒಪ್ಪಿದೆ ಎಂದು ನೀನು ಕೇಳಿದಾಗ ಸಕ್ಕರೆ ಕಾಯಿಲೆ, ಮಂಡಿನೋವು ಅಂತೆಲ್ಲ ಪಟ್ಟಿ ಒಪ್ಪಿಸಿದ್ದೆ. ನಿಜವಾದ ಕಾರಣ ಬೇರೆ. ಕಾಲೇಜಿನಲ್ಲಿ ಒಂದು ಬೆಳಿಗ್ಗೆ ಮೂರನೇ ಮಹಡಿಯ ತರಗತಿಗೆ ಹತ್ತುತ್ತಿದ್ದೆ. ನಡುವೆ ಕಂಬಿ ಹಿಡಿದು ನಿಂತು, ಹಿಂದೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ, "ಸ್ವಲ್ಪ ತಡೀರಪ್ಪಾ, ಉಸಿರು ಬರಲಿ" ಎಂದೆ. ದನಿ ನನ್ನದಲ್ಲ ಅಕ್ಕ, ಅಪ್ಪನದು. ಅವತ್ತು ಸಂಜೆಯೇ ಆಸ್ಪತ್ರೆಗೆ ಹೋದೆ.

ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ಉಳಿದದ್ದನ್ನು ಕಿರಿದಾಗಿ ಹೊಲಿಯುತ್ತಾರೆ ಎಂದು ಹೇಳಿದಾಗ ನೀನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

"ಹೆಚ್ಚಿಗೆ ಇರೋದನ್ನ ಒಳಗೆ ಮಡಚಿ ಇಡ್ತಾರೋ, ಕತ್ತರಿಸಿ ಎಸೀತಾರೋ?"

"ಎಸೀತಾರೆ."

"ಹಾಗಾದ್ರೆ ಮತ್ತೆ ಬಿಚ್ಚೋಕಾಗಲ್ಲ. ಸರಿಯಾಗಿ ಯೋಚನೆ ಮಾಡು ಗುಂಡಾ."

ಎಷ್ಟೋ ಡಾಕ್ಟರುಗಳು ಚಿತ್ರ ಬರೆದು ವಿವರಿಸಿದರೂ ತಲೆಗೆ ಹೋಗದ್ದು ನಿನ್ನ ಆ ಒಂದು ಮಾತಿಗೆ ಹೋಗಿತ್ತು. ಆದರೂ ಮಾಡಿಸಿಕೊಂಡೆ. ಲೆಕ್ಕಶಾಸ್ತ್ರದ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಹೊರೆಯನ್ನಷ್ಟು ಇಳಿಸಿ ಹೊಟ್ಟೆಯನ್ನು ಉಳಿಸಿಕೊಳ್ಳೋಣ ಅನ್ನಿಸಿತು.

ಆಮೇಲಿನ ತಿಂಗಳುಗಳು ನಮ್ಮಿಬ್ಬರ ಹಬ್ಬ. ಸೊಂಟದಿಂದ ಜಾರುವ ಪ್ಯಾಂಟುಗಳನ್ನು ಹೊತ್ತು ಬರುತ್ತಿದ್ದೆ. ನೀನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹಿಂಬದಿಯ ನಡುಹೊಲಿಗೆ ಬಿಚ್ಚಿ, ಚಾಕ್‌ನಲ್ಲಿ ಗೆರೆ ಎಳೆದು, ಒಳಕ್ಕೆ ಹಿಡಿದು ಹೊಲಿಯುತ್ತಿದ್ದೆ. "ಈ ವೇಗದಲ್ಲಿ ನೀನು ಇಳಿದ್ರೆ ಮುಂದಿನ ವರ್ಷ ನಿನ್ನ ಪ್ಯಾಂಟಲ್ಲಿ ನಂಗೊಂದು ರವಿಕೆ" ಎನ್ನುತ್ತಿದ್ದೆ. ಆದರೆ ಹೆಚ್ಚಿನ ಬಟ್ಟೆಯನ್ನು ಒಮ್ಮೆಯೂ ಕತ್ತರಿಸಲಿಲ್ಲ, ಒಳಗೇ ಮಡಚಿಟ್ಟೆ. ಒಳ್ಳೆ ದರ್ಜಿ ಯಾರೂ ಕತ್ತರಿಸುವುದಿಲ್ಲ ಎಂದು ನೀನು ಹೇಳಿದ್ದನ್ನು ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಆಗ ಬಂದರು ಆ ಡಾಕ್ಟರು. ಆಪರೇಷನ್ ಮಾಡಿದವರಲ್ಲ, ಅವರು ಬೇರೆ ಊರಿಗೆ ಹೋದರು. ತಪಾಸಣೆಗೆಂದು ಹೊಸಬರು ಕೂತಿದ್ದರು. ತೂಕ ಆ ತಿಂಗಳು ಇಳಿದಿರಲಿಲ್ಲ, ನಿಂತಲ್ಲೇ ನಿಂತಿತ್ತು. ಅವರು ನನ್ನ ಮುಖವನ್ನೂ ನೋಡದೆ, ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು: "ನಿಮ್ಮಂಥವರನ್ನ ತುಂಬಾ ನೋಡಿದ್ದೀನಿ. ಹೊಟ್ಟೆ ಕತ್ತರಿಸಬಹುದು, ಚಪಲ ಕತ್ತರಿಸೋಕಾಗಲ್ಲ. ಇನ್ನೊಂದೆರಡು ವರ್ಷ. ಆಮೇಲೆ ಎಲ್ಲರೂ ಮೊದಲಿನ ಸೈಜಿಗೇ ಬರ್ತಾರೆ."

ತೂಕದ ಮಾತು ಎಂದರೆ ಏನೆಂದು ಅವತ್ತು ತಿಳಿಯಿತು. ನಾನು ಇಳಿಸಿದ್ದಷ್ಟನ್ನೂ ಆ ಒಂದು ಮಾತು ಮರಳಿ ಹೆಗಲ ಮೇಲೆ ಹೇರಿತು. ನಿನ್ನ ಹತ್ತಿರ ಬಂದು ಡಾಕ್ಟರನ್ನು ಅಣಕಿಸಿದೆ, ನೀನು ನಕ್ಕೆ. ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು: ಅವರನ್ನು ನಂಬಿದ್ದೆ. ಮನೆಗೆ ಬಂದು ತೂಕದ ಯಂತ್ರವನ್ನು ಮಂಚದ ಕೆಳಗೆ ದೂಡಿದೆ. ಮುಂದಿನ ತಪಾಸಣೆಗೆ ಹೋಗಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಹೇಗೂ ಸೋಲುವವನಿಗೆ ಅಂಕಪಟ್ಟಿ ಯಾಕೆ? ಕೂತಲ್ಲಿ ಕೂರಲಾಗದೆ ಹಾಲಿನಲ್ಲಿ ಬಿಸ್ಕತ್ತು ಅದ್ದಿ ತಿನ್ನತೊಡಗಿದೆ. ಅನ್ನ ಎರಡು ತುತ್ತಿಗೆ ಬೇಡ ಎನ್ನುವ ಈ ಪುಟಾಣಿ ಹೊಟ್ಟೆ, ನೆನೆದ ಬಿಸ್ಕತ್ತಿಗೆ ಮಾತ್ರ ಬಾ ಬಾ ಎನ್ನುತ್ತದೆ. ಹಸಿವಿಗಲ್ಲ ಅಕ್ಕ, ಹೆದರಿಕೆಗೆ ತಿಂದದ್ದು.

ಇಷ್ಟರ ಮಧ್ಯೆ ನನಗಿದ್ದ ಒಂದೇ ಧೈರ್ಯ ನೀನು ಕೊನೆಯದಾಗಿ ಹಿಡಿದುಕೊಟ್ಟಿದ್ದ ನೀಲಿ ಪ್ಯಾಂಟು. ಯಂತ್ರ ಬೇಡ, ಡಾಕ್ಟರು ಬೇಡ, ಪ್ಯಾಂಟು ಹೇಳಿದ್ದೇ ಸತ್ಯ ಅಂದುಕೊಂಡಿದ್ದೆ. ಒಂದು ದಿನ ಗುಂಡಿ ಹಾಕುವಾಗ ಬಿಗಿಯಾಯಿತು. ಒಗೆದು ಕುಗ್ಗಿರಬೇಕು, ಸ್ವಲ್ಪ ನೋಡು ಎಂದು ನಿನಗೆ ಕೊಟ್ಟು ಬಂದೆ. ಎರಡು ದಿನ ಬಿಟ್ಟು ನೀನೇ ಮನೆಗೆ ತಂದುಕೊಟ್ಟು, "ಬಿಗಿ ಎಲ್ಲಿ ಬಂತೋ, ಸಡಿಲವೇ ಇತ್ತು. ಇನ್ನೂ ಒಂಚೂರು ಹಿಡಿದಿದ್ದೀನಿ" ಎಂದೆ. ಹಾಕಿಕೊಂಡೆ. ಸೊಂಟದಲ್ಲಿ ಗಾಳಿಯಾಡಿತು. ಅವತ್ತಿನ ಸಂತೋಷಕ್ಕೆ ಇನ್ನೊಂದು ಪೊಟ್ಟಣ ಬಿಸ್ಕತ್ತು ಒಡೆದೆ. ಆಮೇಲೆ ಮತ್ತೊಮ್ಮೆ ಕೊಟ್ಟೆ. ಮತ್ತೆ ಸಡಿಲವಾಗಿಯೇ ಬಂತು. ಇಳಿಯುತ್ತಿದ್ದೇನೆ ಎಂದು ನಂಬಲು ನನಗೂ ಬಹಳ ಅವಸರವಿತ್ತು.

ಕಳೆದ ವಾರ ಕಾಲೇಜಿನ ಪಡಸಾಲೆಯಲ್ಲಿ ಸಿಬ್ಬಂದಿಗೆಲ್ಲ ಆರೋಗ್ಯ ತಪಾಸಣೆ ಇಟ್ಟಿದ್ದರು. ನರ್ಸಮ್ಮ ಯಂತ್ರದ ಮೇಲೆ ನಿಲ್ಲಿ ಎಂದಾಗ, ನೀಲಿ ಪ್ಯಾಂಟಿನ ಭರವಸೆಯ ಮೇಲೆ, ಸಾಲಿನಲ್ಲಿದ್ದ ಸಹೋದ್ಯೋಗಿಗಳಿಗೆ ಒಂದು ನಗೆಚಟಾಕಿ ಎಸೆದೇ ಹತ್ತಿದೆ. ಮುಳ್ಳು, ನಾನು ಆಸ್ಪತ್ರೆಯ ತಪಾಸಣೆಗೆ ಹೋಗುವುದನ್ನು ಬಿಟ್ಟಾಗ ಇದ್ದ ಜಾಗವನ್ನು ದಾಟಿ ಮುಂದೆ ಹೋಗಿ ನಿಂತಿತು. ಯಂತ್ರ ಕೆಟ್ಟಿದೆ ಎಂದೆ. ನರ್ಸಮ್ಮ ತಾನೇ ಹತ್ತಿ ತೋರಿಸಿ, "ಕೆಟ್ಟಿಲ್ಲ ಸರ್" ಎಂದಳು.

ಮನೆಗೆ ಬಂದು ಕಿಟಕಿಯ ಬೆಳಕಿಗೆ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಹಿಡಿದೆ. ಹಿಂಬದಿಯ ನಡುಹೊಲಿಗೆಯ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳ ಒಂದು ಸಾಲು, ನೂಲು ಹೋಗಿ ಗುರುತು ಉಳಿದದ್ದು. ಅದರಾಚೆ, ಇನ್ನೂ ಒಳಕ್ಕೆ, ಮತ್ತೊಂದು ಸಾಲು. ಎರಡು ಸಲವೂ ನೀನು ಒಳಕ್ಕೆ ಹಿಡಿದಿರಲಿಲ್ಲ, ಮಡಚಿಟ್ಟ ಬಟ್ಟೆಯನ್ನು ಹೊರಕ್ಕೆ ಬಿಟ್ಟಿದ್ದೆ. ಪಿತೂರಿಗಳು ಬೆನ್ನ ಹಿಂದೆ ನಡೆಯುತ್ತವೆ ಎಂದು ಕೇಳಿದ್ದೆ, ಇದು ಇನ್ನೂ ಸ್ವಲ್ಪ ಕೆಳಗೆ ನಡೆದಿತ್ತು.

ನಗುತ್ತೀಯ, ಗೊತ್ತು. ನಾನು ಆ ಹೊತ್ತಿನಲ್ಲಿ ನಗಲಿಲ್ಲ. ನನ್ನ ಮೈಯನ್ನು ಸರಿಯಾಗಿ ಅಳೆಯಬಲ್ಲವರು ಇಬ್ಬರೇ, ಯಂತ್ರ ಇಟ್ಟುಕೊಂಡ ಡಾಕ್ಟರು, ಟೇಪು ಹಿಡಿದ ನೀನು. ಅವರು ಮುಖಕ್ಕೇ ಹೇಳಿದ್ದನ್ನು ನೀನು ಹೊಲಿಗೆಯಲ್ಲಿ ಹೇಳಿದೆಯಾ? ನೀನೂ ನನ್ನನ್ನು ಕೈಬಿಟ್ಟೆಯಾ? ಬಟ್ಟೆ ಕತ್ತರಿಸದೆ ಒಳಗೆ ಮಡಚಿಟ್ಟದ್ದು ಈ ದಿನಕ್ಕೇ ಅಂತಲಾ? ಇದನ್ನೇ ಕೇಳಲು ಶನಿವಾರ ಬಂದದ್ದು.

ಬಾಗಿಲಲ್ಲಿ ನಿಂತಾಗ ನೀನು ಒಬ್ಬ ದಪ್ಪ ಹುಡುಗಿಯ ಅಳತೆ ತೆಗೆಯುತ್ತಿದ್ದೆ. ಅವಳು ನಾಚಿಕೆಗೆ ಹೊಟ್ಟೆಯನ್ನು ಒಳಕ್ಕೆಳೆದು ಉಸಿರು ಹಿಡಿದು ನಿಂತಿದ್ದಳು. ನೀನು ಟೇಪು ಹಾಗೇ ಹಿಡಿದು ಕಾಯುತ್ತಾ, "ಉಸಿರು ಬಿಡು ಪುಟ್ಟಿ. ಟೇಪಿಗೆ ಸುಳ್ಳು ಹೇಳಿದ್ರೆ ನಾಳೆ ಬಟ್ಟೆ ನಿಂಗೆ ಸುಳ್ಳು ಹೇಳುತ್ತೆ" ಎಂದೆ. ಅವಳು ಬಿಟ್ಟಳು. ನೀನು ಅವಳ ಬೆನ್ನು ತಟ್ಟಿದೆ.

ಈ ಮಾತನ್ನು ನೀನು ಯಾರಿಗೆ ಹೇಳಿಲ್ಲ? ಮದುಮಗಳಿಗೆ ಹೇಳಿದ್ದೀಯ, ಪೊಲೀಸಿನವರಿಗೆ ಹೇಳಿದ್ದೀಯ. ಇಷ್ಟು ವರ್ಷದಲ್ಲಿ ನಿನ್ನ ಕೈಯಿಂದ ಸುಳ್ಳು ಹೊಲಿಸಿದ್ದು ನನ್ನ ಪ್ಯಾಂಟು ಒಂದೇ. ಬೀದಿ ದಾಟುವಾಗ ಅದು ಹೊಳೆಯಿತು, ಮಧ್ಯ ರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನ ಸೈಕಲ್ಲಿನವನು ಬೈದ. ನೀನು ಎಷ್ಟು ಹೆದರಿದ್ದರೆ ಹಾಗೆ ಮಾಡಿರುತ್ತೀಯ. ಮೆಟ್ಟಿಲ ಮೇಲೆ ಕೂತ ಅಪ್ಪನನ್ನು ನಾನೊಬ್ಬನೇ ನೋಡಿದ್ದಲ್ಲವಲ್ಲ. ಇವನು ಸೋತೆ ಅಂದುಕೊಂಡರೆ ಎಲ್ಲ ಬಿಟ್ಟು ಕೂತುಬಿಡುತ್ತಾನೆ, ಧೈರ್ಯ ಇರುವವರೆಗೆ ನಡೆಯಲಿ ಎಂದು ನೂಲು ಬಿಚ್ಚಿದೆ. ಡಾಕ್ಟರು ನಿಜ ಹೇಳಿ ನನ್ನನ್ನು ಕೂರಿಸಿದರು. ನೀನು ಸುಳ್ಳು ಹೊಲಿದು ನಡೆಸಲು ನೋಡಿದೆ. ನಿನ್ನ ಮೇಲೆ ಕೋಪ ಬರಲಿಲ್ಲ. ಆದರೆ ಇನ್ನು ಬೇಡ. ಸಡಿಲ ಪ್ಯಾಂಟಿನೊಳಗೆ ಸುಖವಾಗಿ ನಡೆದುಕೊಂಡು ನಾನು ಅಪ್ಪನ ಮೆಟ್ಟಿಲಿಗೇ ಹೋಗಿ ಸೇರುತ್ತಿದ್ದೆ.

ಆಸ್ಪತ್ರೆಗೆ ಫೋನು ಮಾಡಿದೆ. ಬೇರೆ ಡಾಕ್ಟರು ಇದ್ದಾರಾ ಎಂದು ಕೇಳಿದೆ, ಇಲ್ಲವಂತೆ. ಏನು ತಿನ್ನಬೇಕೆಂದು ಹೇಳಿಕೊಡುವ ಹುಡುಗಿ ಸಿಕ್ಕಳು. ಬಿಸ್ಕತ್ತಿನ ವಿಷಯ ಬಾಯಿಬಿಟ್ಟೆ. ಆಕೆ ಬೈಯಲಿಲ್ಲ. "ಸ್ವಲ್ಪ ಏರೋದು ತುಂಬಾ ಜನಕ್ಕೆ ಆಗುತ್ತೆ ಸರ್. ಹೆದರಿ ಬರದೇ ಇರೋರ್ದೇ ನಮಗೆ ಚಿಂತೆ. ನೀವು ಬನ್ನಿ" ಎಂದಳು. ಮೂರನೇ ಮಹಡಿಗೆ ಈಗಲೂ ನಿಲ್ಲದೆ ಹತ್ತುತ್ತೇನೆ ಎಂದೆ. ಅದನ್ನೂ ಬರೆದುಕೊಳ್ಳುತ್ತೇನೆ ಎಂದಳು. ಆ ಡಾಕ್ಟರು ಕೇಳಿರಲಿಲ್ಲ, ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ.

ಹಾಗಾಗಿ ಸೋಮವಾರ ಹೋಗುತ್ತಿದ್ದೇನೆ, ಅದೇ ಕೋಣೆಗೆ, ಅದೇ ಪೆನ್ನಿನ ಮುಚ್ಚಳದ ಎದುರಿಗೆ. 'ನಾನು ಹೇಳಿರಲಿಲ್ಲವಾ' ಎನ್ನುತ್ತಾರೆ. ಅನ್ನಲಿ. ಅವರ ಮಾತು ಸರಿಯಾಗಿಯೂ ಇರಬಹುದು, ಆ ಭಯ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಅದನ್ನು ಕಟ್ಟಿಕೊಂಡೇ ಹೋಗುತ್ತೇನೆ. ನೀನು ಜೊತೆಗೆ ಬಾ. ಒಳಗೆ ಬರಬೇಡ, ನೀನು ಬಂದರೆ ಡಾಕ್ಟರ ಅಳತೆ ತೆಗೆದುಬಿಡುತ್ತೀಯ. ಹೊರಗಿನ ಬೆಂಚಿನಲ್ಲಿ ಕೂತಿರು, ಸಾಕು.

ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿ ನೀಲಿ ಪ್ಯಾಂಟು ಇದೆ. ಹಳೇ ತೂತುಗಳ ಸಾಲು ಚೆನ್ನಾಗಿ ಕಾಣುತ್ತದೆ, ಎಲ್ಲಕ್ಕಿಂತ ಒಳಗಿನದು. ಅದೇ ದಾರಿಯಲ್ಲಿ ಸೂಜಿ ನಡೆಸಿ ಹಳೇ ಹೊಲಿಗೆಗೆ ತಂದುಕೊಡು. ಗುಂಡಿ ಈಗ ಸೇರುವುದಿಲ್ಲ, ಗೊತ್ತಿದೆ. ಸೇರುವವರೆಗೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುತ್ತೇನೆ. ಆಸ್ಪತ್ರೆಗೆ ಲಾಡಿ ಪೈಜಾಮದಲ್ಲೇ ಬರುತ್ತೇನೆ. ಲಾಡಿಯಷ್ಟು ಮುಖಸ್ತುತಿ ಮಾಡುವ ವಸ್ತು ಲೋಕದಲ್ಲಿ ಇನ್ನೊಂದಿಲ್ಲ, ಆದರೆ ಯಂತ್ರ ಅದರ ಮಾತು ಕೇಳುವುದಿಲ್ಲವಲ್ಲ. ಒಳಗಿನ ಹೆಚ್ಚಿನ ಬಟ್ಟೆಯನ್ನು ಮಾತ್ರ ಕತ್ತರಿಸಬೇಡ. ಒಳ್ಳೆ ದರ್ಜಿ ಯಾರೂ ಕತ್ತರಿಸುವುದಿಲ್ಲ, ಅದು ನನ್ನನ್ನು ನಂಬದೆ ಅಲ್ಲ ಎಂದು ಈಗ ತಿಳಿದಿದೆ.

ನಿನ್ನ ಕತ್ತರಿ ಹರಿತವಾಗಿರಲಿ, ನಾಲಿಗೆ ಅದಕ್ಕಿಂತ ಒಂದು ಕೂದಲು ಕಡಿಮೆ ಇರಲಿ. ತಮ್ಮನ ತಲೆಯ ಮೇಲೆ ನಿನ್ನ ಕೈ ಇರಲಿ.

ಸೋಮವಾರ ಯಂತ್ರದ ಮೇಲೆ ಉಸಿರು ಬಿಟ್ಟೇ ನಿಲ್ಲುತ್ತೇನೆ.

ಇನ್ನೂ ಗುಂಡಗೇ ಇರುವ,
ನಿನ್ನ ಗುಂಡ