ಕರಿ ಉಣ್ಣೆಯ ದಾರ

ನಂದಗಡ

ಪತ್ರಕರ್ತ ಜುಲ್ಫಿಕಾರ ಅವರಿಗೆ ಬೀರಣ್ಣನವರ ಹೆಂಡತಿ ಪ್ರಮಿಳಾ ಮಾಡುವ ನಮಸ್ಕಾರ.

ಉದ್ಯಮಬಾಗದಲ್ಲಿ ತಾವು ದುಡಿಯುವ ವರ್ಕ್‌ಶಾಪಿನಲ್ಲಿ ಪಂಪಿನ ಸಾಮಾನಿನ ಜೊತೆ ಗುಟ್ಟಾಗಿ ಪಿಸ್ತೂಲಿನ ನಳಿಕೆಗಳೂ ತಯಾರಾಗುತ್ತವೆ ಎಂದು ನಮ್ಮ ಮನೆಯವರು ನಿಮಗೆ ಹೇಳಿದರು. ನೀವು ಪೇಪರಿನಲ್ಲಿ ಬರೆದಿರಿ. ಹೆಸರು ಹಾಕಲಿಲ್ಲ, ಫೋಟೋದಲ್ಲಿ ಮುಖಕ್ಕೆ ಕಪ್ಪು ಬಳಿದಿರಿ. ನಳಿಕೆ ಹಿಡಿದ ಕೈಯನ್ನು ಮಾತ್ರ ಹಾಗೇ ಬಿಟ್ಟಿರಿ. ಆ ಮಣಿಕಟ್ಟಿನಲ್ಲಿ ಬೀರದೇವರ ಹೆಸರಿನಲ್ಲಿ ಕಟ್ಟಿದ ಕರಿ ಉಣ್ಣೆಯ ದಾರವಿತ್ತು. ಹೊಸೆದವಳು ನಾನೇ. ಆ ವರ್ಕ್‌ಶಾಪಿನಲ್ಲಿ ಅಂಥ ದಾರ ಕಟ್ಟಿಕೊಳ್ಳುವ ಕುರುಬರು ಇವರೊಬ್ಬರೇ.

ಸಂತೆಯಲ್ಲಿ ನಾವಿಬ್ಬರೂ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಇಬ್ಬರು ಗಂಡಸರು ಬಂದು ನಮ್ಮ ಮನೆಯವರ ತೋಳು ಹಿಡಿದೆತ್ತಿದರು. “ಪೇಪರದಾಗಿನ ಕೈ ಇದ ಐತಿ ನೋಡ” ಎಂದ ಒಬ್ಬ. ತೂಕದ ಕಲ್ಲಿನಿಂದ ಮಣಿಕಟ್ಟು ಜಜ್ಜಿದರು. “ಬಿಡ್ರಿ, ಮನ್ಯಾಗ ಸಣ್ಣ ಕೂಸೈತಿ” ಎಂದು ನಾನು ಕಾಲು ಹಿಡಿದೆ. ಪಿಸ್ತೂಲು ತೆಗೆದು ಗುಂಡನ್ನು ಅವರ ಮುಖಕ್ಕೇ ಹೊಡೆದರು. ರಕ್ತ ನನ್ನ ಬಾಯಿಗೂ ಬಿತ್ತು. ದವಾಖಾನೆಯಲ್ಲಿ ಮುಖಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ತೋರಿಸಲಿಲ್ಲ. ನೋಡುವಂಥದ್ದು ಏನೂ ಉಳಿದಿಲ್ಲ ಎಂದರು.

ನೀವು ಫೋನಿನಲ್ಲಿ ಅತ್ತಿರಿ. ನಿಮ್ಮ ಅಳು ತೆಗೆದುಕೊಂಡು ನಾನೇನು ಮಾಡಲಿ? ಒಂದು ಕೆಲಸ ಮಾಡಿಕೊಡಿ. ಫೋಟೋಗಳಿದ್ದ ಅವರ ಮೊಬೈಲು ಪೊಲೀಸರ ಬಳಿ ಇದೆ. ಮದುವೆಯ ಫೋಟೋದಲ್ಲಿ ಬಾಸಿಂಗ ಅರ್ಧ ಮುಖ ಮುಚ್ಚಿದೆ. ಕೂಸಿಗೆ ಅಪ್ಪನನ್ನು ತೋರಿಸಲು ಬೇರೆ ಏನೂ ಇಲ್ಲ. ನೀವು ತೆಗೆದ ಆ ಫೋಟೋವನ್ನು ಕಪ್ಪು ಬಳಿಯದೆ ಕಳಿಸಿ. ಈ ಸಲ ಕೈ ಕತ್ತರಿಸಿ, ಮುಖ ಬಿಡಿ. ಇನ್ನು ಅವರನ್ನು ಯಾರಿಂದಲೂ ಬಚ್ಚಿಡಬೇಕಿಲ್ಲ.

ಫೋಟೋದ ದಾರಿ ಕಾಯುವ,
ಪ್ರಮಿಳಾ