ಮೊದಲ ಹಾರ್ನಿನ ಕುರ್ಚಿ

ಸೆಪ್ಟೆಂಬರ್ 9, ಸಂಜೆ

ಹೊಸ ಋತುವಿನ ಮೊದಲ ರಿಹರ್ಸಲ್. ರಜೆಯಲ್ಲಿ ಬೆರಳು ಮೆತ್ತಗಾಗಿವೆ, ತಂತಿ ಕೊರೆಯುತ್ತದೆ. ನನ್ನಂತೆಯೇ ವಿಯೋಲಾ, ಪಿಟೀಲಿನ ದಪ್ಪ ದನಿಯ ಅಕ್ಕ, ನುಡಿಸುವ ಪಕ್ಕದ ಕುರ್ಚಿಯ ಹಿನೆಕ್ ಹಾಳೆ ತಿರುಗಿಸುತ್ತಾ ಪಿಸುಗುಟ್ಟಿದ: "ವಿಯೋಲಾದವರು ತಪ್ಪು ನುಡಿಸಿದ್ರೆ ಯಾರಿಗೂ ಗೊತ್ತಾಗಲ್ಲ, ಬ್ಲಾಂಕಾ. ಸರಿಯಾಗಿ ನುಡಿಸಿದ್ರೂ ಗೊತ್ತಾಗಲ್ಲ." ಪ್ರತಿ ವರ್ಷ ಇದೇ ಜೋಕು. ಪ್ರತಿ ವರ್ಷ ನಗುತ್ತೇನೆ.

ಹಿಂದೆ, ಹಿತ್ತಾಳೆ ವಾದ್ಯಗಳ ಸಾಲಿನಲ್ಲಿ ನನ್ನ ಗಂಡ ರಾದಿಮ್. ಮೊದಲ ಹಾರ್ನ್. ಡಿಸೆಂಬರಿನಲ್ಲಿ ಚೈಕೋವ್ಸ್ಕಿಯ ಐದನೆಯ ಸಿಂಫನಿ. ಎರಡನೆಯ ಭಾಗದಲ್ಲಿ ನಾವು ತಂತಿಯವರು ತಗ್ಗಿನಲ್ಲಿ ನೆಲ ಹಾಸುತ್ತೇವೆ, ಅದರ ಮೇಲೆ ಹಾರ್ನ್ ಒಂದೇ ನಡೆದು ಬರುತ್ತದೆ. ಟ್ರಾಮಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಗುನುಗಿದ. ಎದುರು ಕೂತ ಮುದುಕಿ ಜಾಗ ಬದಲಿಸಿದಳು.

ಅಕ್ಟೋಬರ್ 14

ಬೆಳಿಗ್ಗೆ ಕಾಫಿ ಅವನ ಬಾಯಂಚಿನಿಂದ ಅಂಗಿಯ ಮೇಲೆ ಸುರಿಯಿತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. "ಸಾಕು ಬಿಡು" ಎಂದೆ. ಕನ್ನಡಿ ನೋಡಿಕೊಂಡು ಬಂದ. ಎಡಗಡೆ ಮುಖ ಜೋತು ಬಿದ್ದಿದೆ. ಆ ಕಣ್ಣು ಮುಚ್ಚುವುದಿಲ್ಲ.

ಡಾಕ್ಟರ್ ಸ್ಟ್ರೋಕ್ ಅಲ್ಲ ಎಂದರು. ಮುಖದ ನರ ಊದಿಕೊಂಡಿದೆ, ಬಹಳ ಜನರಿಗೆ ತಾನಾಗಿ ಸರಿಹೋಗುತ್ತದೆ.

"ತುಟಿ?" ರಾದಿಮ್ ಕೇಳಿದ್ದು ಅದೊಂದೇ.

"ಊಟಕ್ಕೆ, ಮಾತಿಗೆ ತೊಂದರೆ ಆಗಲ್ಲ."

"ನಾನು ಊಟ ಮಾಡಿ ಸಂಬಳ ತಗೊಳ್ಳಲ್ಲ ಡಾಕ್ಟ್ರೇ."

ನವೆಂಬರ್ 2

ಸತ್ತವರ ಹಬ್ಬ. ಅವನ ಅಪ್ಪನ ಸಮಾಧಿಯ ಮೇಲೆ ದೀಪ ಹಚ್ಚಿದೆವು. ಕಡ್ಡಿ ಊದಿ ಆರಿಸಲು ಹೋದ. ಗಾಳಿಯೆಲ್ಲ ಎಡಗಡೆಯಿಂದ ಸೋರಿತು, ಜ್ವಾಲೆ ಅಲುಗಲೂ ಇಲ್ಲ. ಬೆರಳಲ್ಲಿ ಹಿಸುಕಿ ಆರಿಸಿದ. ಸುಟ್ಟಿತೇ ಎಂದು ನಾನು ಕೇಳಲಿಲ್ಲ.

ಡಿಸೆಂಬರ್ 6

ಮುಖ ಅರ್ಧ ನೆಟ್ಟಗಾಗಿದೆ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಊದುತ್ತಾನೆ. ತಗ್ಗಿನ ಸ್ವರಗಳು ಚೆನ್ನಾಗಿವೆ. ಮೇಲಕ್ಕೆ ಹೋದರೆ... ಕೇಳಿಸದ ಹಾಗೆ ನಲ್ಲಿ ಬಿಡುತ್ತಾನೆ.

ಡಾಕ್ಟರ್ ಕಾಯಿರಿ ಎಂದಿದ್ದಾರೆ. ವಾದ್ಯವೃಂದದ ನಿರ್ದೇಶಕ ಹಾವ್ರಾನೆಕ್ ಫೋನ್ ಮಾಡಿ ಕೇಳಿದರು, ಬೇರೆಯವರನ್ನು ಕರೆಸಲೇ ಎಂದು. "ನಾನಿಲ್ವಾ?" ಅಂದ. ಅವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ನನಗೂ.

ಡಿಸೆಂಬರ್ 12

ಕಛೇರಿ ಮುಗಿಯಿತು. ಬರೆದುಬಿಡುತ್ತೇನೆ.

ನೆಲ ಹಾಸಿದೆವು. ಹಾರ್ನ್ ಬಂತು. ಮೊದಲ ಸಾಲು — ಎಷ್ಟು ಚೆನ್ನಾಗಿತ್ತೆಂದರೆ ಹಿನೆಕ್ ಹಾಳೆ ತಿರುಗಿಸುವುದನ್ನೇ ಮರೆಯುತ್ತಿದ್ದ. ಎರಡನೆಯ ಸಾಲಿನಲ್ಲಿ ಸ್ವರ ಸೀಳಿತು. ಮತ್ತೆ ಹಿಡಿಯಲು ನೋಡಿದ. ಬರೀ ಗಾಳಿ. ಆಮೇಲೆ ಅದೂ ಇಲ್ಲ. ಹಿಂತಿರುಗಿ ನೋಡುವ ಹಾಗಿಲ್ಲ. ಜೊತೆ ಕೊಡಬೇಕಿದ್ದ ಕ್ಲಾರಿನೆಟ್ ಬಂತು, ಯಾರ ಜೊತೆಗೂ ಅಲ್ಲದೆ. ನಾವು ನೆಲ ಹಾಸುತ್ತಲೇ ಇದ್ದೆವು.

ಕೊನೆಯಲ್ಲಿ ಹಾವ್ರಾನೆಕ್ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಜನ ಜೋರಾಗಿ ಕೈ ತಟ್ಟಿದರು. ಗ್ರೀನ್‌ರೂಮಿನಲ್ಲಿ ಅಂದ: "ಚೆನ್ನಾಗಿ ಊದಿದಾಗ ಇಷ್ಟು ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ."

ಜನವರಿ 8

ರಾಜೀನಾಮೆ ಕೊಟ್ಟ. ನನ್ನನ್ನು ಕೇಳಲಿಲ್ಲ.

ಮಾರ್ಚ್ 27

ಬೆಳಿಗ್ಗೆಯೇ ನದಿಯಾಚೆ ನಮ್ಮ ತೋಟದ ತುಂಡಿಗೆ ಹೋಗುತ್ತಾನೆ. ಸೇಬಿನ ಗಿಡ ಸವರಬೇಕಂತೆ. ಮುಖ ಬಹುತೇಕ ಮೊದಲಿನಂತಾಗಿದೆ, ನಕ್ಕಾಗ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಗೊತ್ತಾಗುವುದು ಕಡಿಮೆ.

ಈ ವಾರ ಡ್ವೊರ್ಝಾಕ್‌ನ ಸಿಂಫನಿ. ಮೊದಲ ಹಾರ್ನಿನ ಕುರ್ಚಿಗೆ ಪ್ರತಿ ಸಲ ಬೇರೆ ಊರಿನವರು. ಮೇ ತಿಂಗಳಲ್ಲಿ ಹೊಸಬರ ಆಯ್ಕೆ. ವಾದ್ಯವೃಂದದವರೆಲ್ಲ ಕೂತು ಕೇಳಿ ಕೈ ಎತ್ತಬೇಕು. ನಾನೂ.

ಮೇ 18, ರಾತ್ರಿ

ಪರದೆ ಕಟ್ಟಿದ್ದರು. ಊದುವವರು ಯಾರೆಂದು ಕಾಣಬಾರದು, ಹೆಸರಿಲ್ಲ, ನಂಬರ್ ಮಾತ್ರ. ಎಲ್ಲರಿಗೂ ಮೊಜಾರ್ಟ್‌ನ ಒಂದೇ ಹಾರ್ನ್ ಕಾನ್ಸರ್ಟೊ, ಪಿಯಾನೊ ಜೊತೆಗೆ. ಮೂರನೆಯವರು ಬಂದರು. ಪಿಯಾನೊ ಶುರುವಾಯಿತು. ಪರದೆಯಾಚೆ ಯಾರೋ ಉಸಿರೆಳೆದುಕೊಂಡರು.

ಇಷ್ಟು ವರ್ಷ ಪಕ್ಕದ ದಿಂಬಿನಲ್ಲಿ ಕೇಳಿದ ಉಸಿರು. ಇಷ್ಟು ದಿನ ತೋಟಕ್ಕೆ ಹೋದದ್ದು ಊದಲಿಕ್ಕೆ. ಸೇಬಿನ ಗಿಡಗಳಿಗೆ ಏನೇನು ಕೇಳಿಸಿರಬೇಕು.

ಆ ನಾದ ಆ ಕೋಣೆಯಲ್ಲಿ ಇನ್ಯಾರಿಗೂ ಇಲ್ಲ. ಎಲ್ಲರಿಗೂ ಗೊತ್ತಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಲೇರುವ ಕಡೆ ಸ್ವರ ಸೀಳಿತು. ಪಿಯಾನೊದವರು ಎರಡು ಸಾಲು ಹಿಂದಿನಿಂದ ಮತ್ತೆ ನುಡಿಸಿ ಕೊಟ್ಟರು. ಅದೇ ಜಾಗದಲ್ಲಿ ಮತ್ತೆ.

"ಧನ್ಯವಾದಗಳು," ಎಂದರು ಹಾವ್ರಾನೆಕ್. ಅಪರಿಚಿತರಿಗೆ ಹೇಳುವ ಹಾಗೆ.

ಹಿನೆಕ್ ನನ್ನ ಕಿವಿಯ ಹತ್ತಿರ ಬಗ್ಗಿದ. "ಹೊರಗೆ ಹೋಗಿರು. ಯಾರೂ ಏನೂ ಅನ್ಕೊಳ್ಳಲ್ಲ."

ಹೋಗಲಿಲ್ಲ. ಹೆಸರಿಲ್ಲದೆ ಬಂದಿದ್ದಾನೆ. ಎಲ್ಲರ ಹಾಗೆ ಕೇಳಿಸಿಕೊಳ್ಳಲಿ ಎಂದೇ ಬಂದಿದ್ದಾನೆ. ಮೂರನೆಯವರಿಗೆ ಕೈ ಎತ್ತಿ ಎಂದಾಗ ನನ್ನ ಕೈ ಮಡಿಲಲ್ಲೇ ಇತ್ತು. ಯಾರದೂ ಏಳಲಿಲ್ಲ. ಪರದೆಯಾಚೆ ಪೆಟ್ಟಿಗೆಯ ಚಿಲಕ ಹಾಕಿದ ಸದ್ದು.

ಆಫೀಸಿನವರಿಗೆ ಮಾತ್ರ ಮೊದಲೇ ಗೊತ್ತಿತ್ತಂತೆ. ಯಾರಿಗೂ ಹೇಳಬೇಡಿ ಎಂದಿದ್ದನಂತೆ.

ಮನೆಗೆ ಬಂದರೆ ಆಲೂಗಡ್ಡೆ ದೋಸೆ ಹುಯ್ಯುತ್ತಿದ್ದ. ಬೆನ್ನು ನನ್ನ ಕಡೆ.

"ಯಾರಾದ್ರೂ ಸಿಕ್ಕಿದ್ರಾ?"

"ಪ್ಲ್ಜೆನ್ ಕಡೆಯವಳು ಒಬ್ಬಳು."

"ಮೂರನೇ ನಂಬರ್?"

"ಮೇಲೆ ನಿಲ್ಲಲಿಲ್ಲ."

"ಕೈ ಎತ್ತಿದ್ಯಾ?"

"ಇಲ್ಲ."

ದೋಸೆ ಮಗುಚಿದ. "ಎತ್ತಿದ್ದಿದ್ರೆ ನಿನ್ನ ಜೊತೆ ಮಾತು ಬಿಡ್ತಿದ್ದೆ."

ಅವನ ಭುಜ ಅಲುಗುತ್ತಿತ್ತು. ಹಿಂದಿನಿಂದ ಹೋಗಿ ಒಲೆ ಆರಿಸಿದೆ. ಅಷ್ಟೇ ನನ್ನಿಂದ ಆದದ್ದು.

ಜೂನ್ 11, ಮಧ್ಯಾಹ್ನ

ಇವತ್ತು ಋತುವಿನ ಕೊನೆಯ ಕಛೇರಿ. ಬ್ರಾಮ್ಸ್‌ನ ಮೊದಲನೆಯ ಸಿಂಫನಿ. ಪ್ಲ್ಜೆನ್‌ನವಳು ಬಂದಿದ್ದಾಳೆ, ಚೆನ್ನಾಗಿ ಊದುತ್ತಾಳೆ. ಕೊನೆಯ ಭಾಗದಲ್ಲಿ ಹಾರ್ನ್ ಬೆಟ್ಟದ ಮೇಲಿಂದ ಕೂಗುವ ಹಾಗೆ ಬರುತ್ತದಲ್ಲ, ಅಲ್ಲಿ ಅವಸರ ಮಾಡುತ್ತಾಳೆ. ಮನೆಯಲ್ಲಿ ಹೇಳಬಾರದಿತ್ತು. ಬಾಯಿ ತಪ್ಪಿ ಬಂತು.

ರಾದಿಮ್ ನನ್ನ ಕಪ್ಪು ಉಡುಪು ಇಸ್ತ್ರಿ ಮಾಡುತ್ತಿದ್ದ. ಅದರ ತೋಳನ್ನು ಮಗುಚಿ ತಿಕ್ಕುತ್ತಾ ಅಂದ: "ಹೆದರಿಕೆ ಅದು. ಉಸಿರು ಮುಗಿದು ಹೋಗುತ್ತೆ ಅಂತ. ಅಲ್ಲಿ ಎರಡನೇ ಹಾರ್ನ್ ಬಂದು ಸ್ವರ ಹಿಡ್ಕೊಳ್ಳುತ್ತೆ, ಅವಳು ನಿಧಾನವಾಗಿ ಉಸಿರು ತಗೋಬಹುದು. ಯಾರಾದ್ರೂ ಹೇಳಿದ್ರಾ ಅವಳಿಗೆ?"

"ನೀನೇ ಹೇಳು."

"ನಾನ್ಯಾರು ಹೇಳೋಕೆ?"

ಇಸ್ತ್ರಿ ಬದಿಗಿಟ್ಟು ಒಳಗೆ ಹೋದ. ಈಗ ಒಳ್ಳೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಟ್ರಾಮ್ ತಪ್ಪುತ್ತದೆ, ಬೇಗ ಬರೆದು ಮುಗಿಸು ಎನ್ನುತ್ತಿದ್ದಾನೆ. ಸ್ಟಾಪಿನ ತನಕ ಬಿಡಲು ಬರುತ್ತಾನೋ, ಸಭಾಂಗಣದ ಒಳಗೂ ಬರುತ್ತಾನೋ... ಕೇಳಿಲ್ಲ. ಕೇಳಿದರೆ ಎಲ್ಲಿ ಕೋಟು ಕಳಚಿಬಿಡುತ್ತಾನೋ—