ಪೆನ್ಸಿಲ್ ಚೀಲದ ಓರೆ ಬಾಯಿ

ನನ್ನ ಯಾಕಮ್ಮನಿಗೆ,

ಅಪ್ಪ ಇಟ್ಟ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೇನೆ. ಎಲ್ಲದಕ್ಕೂ ಯಾಕೆ ಅನ್ನುವವಳು ನಾಲ್ಕು ದಿನದಿಂದ ಏನನ್ನೂ ಕೇಳಿಲ್ಲ. ಬಾಯಲ್ಲಿ ಹೇಳಹೋದರೆ ಬೇರೇನೋ ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೋ, ನಿನ್ನಮ್ಮ ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು.

ಶಾಲೆಗೆ ಹೊರಡುವ ಹೊತ್ತಿಗೆ ದಿನಾ ನಿನಗೆ ವಾಂತಿಯಾಗುವುದನ್ನು ನೋಡಲಾರದೆ ಬಿಡಿಸಿದೆವು. ಆಮೇಲೆ ಭಯ ನನ್ನ ಪಾಲಿಗೆ ಬಂತು. ಮನೆಯಲ್ಲಿ ಕಲಿಸುವುದಾದರೂ ಏನನ್ನು? ಮನೆಪಾಠಕ್ಕೆಂದು ಮಾರುವ ಒಂದು ಪಠ್ಯಕ್ರಮದ ಪೆಟ್ಟಿಗೆ ತುಂಬ ಇಟ್ಟಿಗೆಯಂಥ ಪುಸ್ತಕಗಳು; ದಿನಕ್ಕಿಷ್ಟು ಪುಟ, ಬಿಟ್ಟ ಸ್ಥಳ ತುಂಬಿರಿ, ಗಿಳಿಗೂ ಬೇಸರ ಬರಬೇಕು. ಇನ್ನೊಂದರಲ್ಲಿ ಪಾಠವೇ ಇಲ್ಲ, ಮಗು ತಾನಾಗಿ ಅರಳುತ್ತದಂತೆ. ಪಾಠವಿಲ್ಲದೆ ಬೆಳೆದ ನಾನೆಷ್ಟು ಅರಳಿದೆ? ಕಾಲು ಮೀಟರ್ ಬಟ್ಟೆಯನ್ನು ಕಣ್ಣಳತೆಯಲ್ಲೇ ಕತ್ತರಿಸುತ್ತೇನೆ, ಅದನ್ನೇ ಭಿನ್ನರಾಶಿಯಲ್ಲಿ ಬರೆ ಅಂದರೆ ಪೆನ್ನು ಕೆಳಗಿಡುತ್ತೇನೆ. ಟೀಚರಾಗಿದ್ದ ನಿನ್ನ ದೊಡ್ಡಮ್ಮ ಬೇರೆ, “ಇವಳು ಕ್ಲಾಸು ನಡೆಸ್ತಾಳಂತೆ. ಹಾಜರಿ ಯಾರು ಹಾಕ್ತಾರೆ, ಹೊಲಿಗೆ ಮಷೀನಾ?” ಅಂದಳು.

ಕೊನೆಗೆ ಎರಡನ್ನೂ ಬೆರೆಸಿದ ಮೂರನೆಯ ಪೆಟ್ಟಿಗೆಯನ್ನು ಒಂದು ವಾರ ನೋಡಲೆಂದು ತಂದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ನಿನ್ನಿಷ್ಟ. ಆ ಮಧ್ಯಾಹ್ನಗಳಲ್ಲಿ ನೀನು ಅಪ್ಪನ ಮರಗೆಲಸದ ಪೆನ್ಸಿಲ್ಲಿಗೆಂದು ಒಂದು ಚೀಲ ಹೊಲಿದೆ. ಬಾಯಿ ಓರೆಯಾಗಿತ್ತು. ಮರುದಿನ ಆ ಪೆಟ್ಟಿಗೆ ಕೊಟ್ಟ ಸಂಸ್ಥೆಯ ಮೇಡಂ ನಿನ್ನ ಕಲಿಕೆ ನೋಡಲು ಬರುವವರಿದ್ದರು. ದರ್ಜಿಯ ಮಗಳ ಹೊಲಿಗೆ ಇದೇನಾ ಅಂದಾರೆಂಬ ಭಯಕ್ಕೆ, ನೀನು ಸ್ನಾನಕ್ಕೆ ಹೋದಾಗ ನಿನ್ನ ಹೊಲಿಗೆಯನ್ನೆಲ್ಲ ಬಿಚ್ಚಿ ಮಷೀನಿನಲ್ಲಿ ನೆಟ್ಟಗೆ ಹೊಲಿದುಬಿಟ್ಟೆ.

ಮೇಡಂ ಅದನ್ನೆತ್ತಿ ಹಿಡಿದು, ಸ್ವಂತ ಕಲಿಕೆ ಅಂದರೆ ಇದು ಎಂದು ಹೊಗಳಿದರು. ನಾನು ಹಲ್ಲು ಕಿರಿದೆ. ಆಗ ನೀನು ಮೆಲ್ಲಗೆ ಹೇಳಿದೆ: “ಇದು ನಂದಲ್ಲ. ನಂದು ಓರೆ ಇತ್ತು. ಅಪ್ಪ ಬಗ್ಗಿದಾಗೆಲ್ಲ ಜೇಬಿಂದ ಪೆನ್ಸಿಲ್ ಬೀಳುತ್ತೆ, ಅದಕ್ಕೇ ಓರೆ ಇಟ್ಟಿದ್ದೆ.”

ಆ ಮೇಡಂ ಅಷ್ಟು ಕೇಳಿಯೂ ತಮ್ಮ ಹಾಳೆಯಲ್ಲಿ ‘ಸ್ವಂತ ಕಲಿಕೆ: ಉತ್ತಮ’ ಎಂದು ನಗುತ್ತ ಬರೆದುಕೊಂಡರು. ಅವರ ನಗು ಕಂಡು ಅಸಹ್ಯವಾಯಿತು. ನನ್ನ ಬಗ್ಗೆ ಅದಕ್ಕಿಂತ ಹೆಚ್ಚು. ನಾನು ಮಾಡಿದ್ದು ಅನ್ನುವ ಬದಲು ಕಾಫಿ ತರಲೆಂದು ಎದ್ದೆ. ಛೀ, ನಿನ್ನ ಶಾಲೆಯವರು ಕೂಡ ನಿನ್ನ ಕೆಲಸವನ್ನು ಕದ್ದು ತಿದ್ದಿರಲಿಲ್ಲ. ಅಂದಿನಿಂದ ನೀನು ಸೂಜಿ ಮುಟ್ಟಿಲ್ಲ. ಇನ್ನೆಂದೂ ಮುಟ್ಟದಿದ್ದರೆ ಎಂದು ನೆನೆದರೆ ಅನ್ನ ಇಳಿಯುವುದಿಲ್ಲ.

ಮೇಡಂನ ಪೆಟ್ಟಿಗೆಯನ್ನು ಇವತ್ತು ವಾಪಸ್ ಕೊಟ್ಟೆ. ಮೊದಲ ಪೆಟ್ಟಿಗೆಯ ಇಟ್ಟಿಗೆ ಪುಸ್ತಕಗಳಲ್ಲಿ ಲೆಕ್ಕ, ಭಾಷೆ ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ದೊಡ್ಡಮ್ಮ ಪಾಠ ಮಾಡುತ್ತಾಳೆ. ನಾಚಿಕೆ ನುಂಗಿ ಕೇಳಿದೆ. ನಗುತ್ತಾಳೆಂದುಕೊಂಡಿದ್ದೆ, “ನೀನೂ ಒಂದು ನೋಟ್‌ಬುಕ್ ತಗೊಂಡು ಕೂತ್ಕೋ” ಅಂದಳು. ಮಧ್ಯಾಹ್ನ ನಿನ್ನದು. ಆ ಹೊತ್ತು ನಾನು ಒಳಕೋಣೆಯಲ್ಲಿರುತ್ತೇನೆ, ಕರೆಯದೆ ಬರುವುದಿಲ್ಲ.

ಚೀಲದ ಮೇಲಿನ ನನ್ನ ಹೊಲಿಗೆ ಬಿಚ್ಚಿದ್ದೇನೆ. ಬೆಳಕಿಗೆ ಹಿಡಿದು ನೋಡು, ನಿನ್ನ ಸೂಜಿಯ ತೂತುಗಳ ಸಾಲು ಇನ್ನೂ ಓರೆಯಾಗಿ ಹಾಗೇ ಇದೆ. ಮತ್ತೆ ಹೊಲಿಯುವುದೋ ಬಿಡುವುದೋ ನಿನಗೆ ಸೇರಿದ್ದು. ಹೊಲಿಗೆ ಬಿಚ್ಚುವ ನನ್ನ ಕತ್ತರಿಯನ್ನೂ ನಿನ್ನ ಡಬ್ಬಿಯಲ್ಲಿಟ್ಟಿದ್ದೇನೆ. ಅದಿನ್ನು ನಿನ್ನ ಹತ್ತಿರವೇ ಇರಲಿ.

ನಿನ್ನ ಕೈ ನಿನ್ನ ಮಾತೇ ಕೇಳಲಿ, ಕಂದ. ಬೇಗ ಒಂದು ಯಾಕೆ ಕೇಳು.

ಇಂತಿ,
ನಿನ್ನ ಹೊಲಿಗೆ ಬಿಚ್ಚಿದ ಅಮ್ಮ